ಕಡ್ಡಿ ಏರಿದ ಉಂಡೆ

ಫಾರಸಿಯಲ್ಲಿ ‘ಮಾಲೀದನ್’ ಎಂದರೆ ಉಜ್ಜುವುದು, ತಿಕ್ಕುವುದು. ‘ಮಾಲೀಷ್’ ಎಂಬ ಮಾತೂ ಅದೇ ಮನೆಯದು. ನಮ್ಮ ದಖನಿ ಮನೆಗಳಲ್ಲಿ ಫಾತಿಹಾದ ದಿನ ಮಾಡುವ ಮಲೀದೆಗೆ ಹೆಸರು ಬಂದಿರುವುದು ಅದರ ರುಚಿಯಿಂದಲ್ಲ, ಅದನ್ನು ಮಾಡುವ ಕೈಗಳ ಕೆಲಸದಿಂದ. ದಪ್ಪನೆಯ ಗೋಧಿ ರೊಟ್ಟಿಯನ್ನು ಬೇಯಿಸಿ, ಬಿಸಿ ಆರುವ ಮೊದಲೇ ಮುರಿದು, ಎರಡು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಪುಡಿ ಮಾಡಬೇಕು. ಅದಕ್ಕೆ ಬೆಲ್ಲ, ತುಪ್ಪ, ಏಲಕ್ಕಿ, ಕೊಬ್ಬರಿ ಬೆರೆಸಿ ಮುಷ್ಟಿಯಲ್ಲಿ ಒತ್ತಿದರೆ ಉಂಡೆ. ಉಂಡೆ ನಿಲ್ಲುವುದು ತುಪ್ಪದ ಬಲದಿಂದಲೋ ಬೆಲ್ಲದ ಅಂಟಿನಿಂದಲೋ ಎಂಬುದನ್ನು ಮಾಡಿದವರೇ ಹೇಳಬೇಕು. ಎರಡೂ ಇರಬೇಕು, ಎರಡೂ ಹೆಚ್ಚಾಗಬಾರದು.

ಈಗ ದಾವಣಗೆರೆಯ ಹುಟ್ಟುಹಬ್ಬಗಳಲ್ಲಿ ಮಕ್ಕಳ ಕೈಗೆ ಬರುತ್ತಿರುವ ಕೇಕ್ ಪಾಪ್ ಎಂಬ ತಿಂಡಿಯನ್ನು ಮಾಡುವ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಂದ ಕೇಕನ್ನು ಪುಡಿ ಮಾಡುತ್ತಾರೆ. ಬೆಣ್ಣೆ ಸಕ್ಕರೆಯ ಕ್ರೀಮನ್ನು ಬೆರೆಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುತ್ತಾರೆ. ಕಡ್ಡಿಗೆ ಚುಚ್ಚಿ, ಕರಗಿಸಿದ ಚಾಕಲೇಟಿನಲ್ಲಿ ಅದ್ದಿ, ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು ಉದುರಿಸುತ್ತಾರೆ. ಹೊರಗಿನ ಚಾಕಲೇಟಿನ ಅಂಗಿಯನ್ನೂ ಕಡ್ಡಿಯನ್ನೂ ತೆಗೆದುಬಿಟ್ಟರೆ ಒಳಗಿರುವುದು ನಮ್ಮ ಅಜ್ಜಿಯರ ಮಲೀದೆಯೇ. ರೊಟ್ಟಿಯ ಜಾಗದಲ್ಲಿ ಕೇಕು, ತುಪ್ಪದ ಜಾಗದಲ್ಲಿ ಬೆಣ್ಣೆ. ಬೆಣ್ಣೆ ದೋಸೆಯ ಊರಿಗೆ ಇದೇನೂ ದೂರದ ನೆಂಟಸ್ತಿಕೆಯಲ್ಲ.

ಅಂದಹಾಗೆ ಮಲೀದೆ ಮುಸ್ಲಿಮರ ಸ್ವತ್ತು ಎಂದು ಯಾರೂ ಬೀಗಬೇಕಿಲ್ಲ. ಉತ್ತರ ಕರ್ನಾಟಕದ ಮಾದಲಿ ಅದರ ಒಡಹುಟ್ಟು. ಗೋಧಿ ಕಡಲೆಬೇಳೆಯ ತರಿ ಹಿಟ್ಟಿನ ರೊಟ್ಟಿಯನ್ನು ಒಣಗಿಸಿ ಕುಟ್ಟಿ, ಬೆಲ್ಲ ಬೆರೆಸಿ, ಹಾಲು ತುಪ್ಪದೊಂದಿಗೆ ಉಣ್ಣುವ ಮಾದಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ರಾಶಿರಾಶಿಯಾಗಿ ಬೀಳುತ್ತದೆ. ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಪ್ರವಾದಿ ಎಲಿಯಾಹನ ಹೆಸರಿನಲ್ಲಿ ಅವಲಕ್ಕಿಯ ಮಲೀದಾ ಮಾಡುತ್ತಾರೆ, ಪಾರ್ಸಿಗಳ ಮಲೀದೊ ಬೇರೆ ಇದೆ. ಮೊಹರಮ್ ಬಂದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಪಂಜಾದ ಮುಂದೆ ಚೋಂಗೆಯನ್ನೂ ಸಕ್ಕರೆಯನ್ನೂ ಇಟ್ಟು ‘ಓದಿಕೆ’ ಮಾಡಿಸುವವರಲ್ಲಿ ಮುಸ್ಲಿಮೇತರರೇ ಹೆಚ್ಚಾಗಿರುವ ಊರುಗಳಿವೆ. ಫಾತಿಹಾ ಓದುವುದಕ್ಕೆ ಕನ್ನಡ ಕೊಟ್ಟ ಹೆಸರು ಓದಿಕೆ. ಎಷ್ಟು ಸರಳ, ಎಷ್ಟು ಸರಿ! ಚೋಂಗೆಯ ವಿಷಯ ಇಲ್ಲಿ ಬರಬೇಕಾದದ್ದು ಇನ್ನೊಂದು ಕಾರಣಕ್ಕೆ. ಸಿಹಿ ಹಿಟ್ಟನ್ನು ಗೀರಿದ ಮಣೆಯ ಮೇಲೆ ಒತ್ತಿ ಚಿತ್ತಾರ ಮೂಡಿಸಿದ ಮೇಲೆಯೇ ಅದನ್ನು ಬೇಯಿಸುವುದು. ತಿನ್ನುವುದಕ್ಕೆ ಮೊದಲು ಕಣ್ಣಿಗೆ ಕಾಣಬೇಕು ಎಂಬ ಆಸೆ ಅಂಗಡಿಯ ಗಾಜಿನ ಪೆಟ್ಟಿಗೆಗಿಂತ ಬಹಳ ಹಳೆಯದು.

ಆ ಆಸೆ ತುತ್ತತುದಿ ಮುಟ್ಟಿದ್ದು ಸಕ್ಕರೆ ಗೊಂಬೆಗಳಲ್ಲಿ. ಮೈಸೂರು ಕಡೆಯವರಿಗೆ ಸಕ್ಕರೆ ಅಚ್ಚು ಎಂದರೆ ಸಂಕ್ರಾಂತಿ. ಹರಿಹರ, ದಾವಣಗೆರೆ, ರಾಣೆಬೆನ್ನೂರು, ಹಾವೇರಿಯವರಿಗೆ ಕಾರ್ತೀಕದ ಗೌರಿ ಹುಣ್ಣಿಮೆ. ಆ ವಾರ ಪೇಟೆಯ ಅಂಗಡಿಗಳ ಮುಂದೆ ಬಿಳಿ, ಗುಲಾಬಿ, ಹಳದಿ ಬಣ್ಣದ ಆನೆ, ಕುದುರೆ, ಗಿಳಿ, ನವಿಲು, ಬಸವಣ್ಣ, ಗೋಪುರಗಳು ಸಾಲು ನಿಲ್ಲುತ್ತವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿ ಜೋಡಿಸಿ, ದೀಪವಿಟ್ಟು, ಗೌರಿಗೆ ಆರತಿ ಬೆಳಗಲು ಒಯ್ಯುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುವುದು ವಾಡಿಕೆ. ನಮ್ಮಲ್ಲಿ ನಿಶ್ಚಯವಾದ ಹುಡುಗಿಗೆ ಈದ್‌ಗೆ ಬಟ್ಟೆ ಬಳೆ ಸಿಹಿ ಕಳಿಸುತ್ತಾರಲ್ಲ, ಹಾಗೆಯೇ. ಗೊಂಬೆಯ ಗಾತ್ರ ನೋಡಿ ಬೀಗರ ಮನಸ್ಸಿನ ಗಾತ್ರ ಅಳೆಯುವ ಓಣಿಯ ಹೆಂಗಸರು ಎರಡೂ ಕಡೆ ಇದ್ದಾರೆ.

ಗೊಂಬೆ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಅದು ಮಿಠಾಯಿ ಕೆಲಸವಲ್ಲ, ಎರಕದ ಕೆಲಸ ಎನಿಸುತ್ತದೆ. ಮರದ ಅಚ್ಚಿಗೆ ಎರಡು ಹೋಳು, ಕೆಲವಕ್ಕೆ ಹೆಚ್ಚು. ಅದನ್ನು ಮೊದಲು ನೀರಲ್ಲಿ ನೆನೆಸಬೇಕು. ಒಣ ಮರಕ್ಕೆ ಪಾಕ ಕಚ್ಚಿಕೊಂಡರೆ ಗೊಂಬೆಯ ಕಿವಿಯೋ ಕೊಕ್ಕೋ ಅಚ್ಚಿನಲ್ಲೇ ಉಳಿಯುತ್ತದೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದಿಷ್ಟು ಹಾಲು ಬಿಟ್ಟರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡಬೇಕು. ಪಾಕ ಹದಕ್ಕೆ ಬಂದಾಗ ತಿರುವಬೇಕು. ತಿರುವಿದಂತೆ ಅದು ಮಂಜಾಗಿ ಬೆಳ್ಳಗಾಗುತ್ತದೆ. ಸಕ್ಕರೆ ಮತ್ತೆ ಹರಳುಗಟ್ಟಲು ಹೊರಟಿದೆ ಎಂಬುದಕ್ಕೆ ಅದೇ ಗುರುತು. ಆ ಗಳಿಗೆಯಲ್ಲೇ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗದು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಪಾಕಕ್ಕೆ ನಿಂಬೆರಸ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದನ್ನೇ ಮರೆತು ಅಂಟಂಟಾಗುತ್ತದೆ. ಇದಕ್ಕೆಲ್ಲ ಉಷ್ಣಮಾಪಕ ಇಟ್ಟುಕೊಂಡವರನ್ನು ನಾನು ನೋಡಿಲ್ಲ. ಬೆರಳ ತುದಿಯ ಎಳೆ ಮತ್ತು ಕಣ್ಣಿನ ಅಂದಾಜು, ಅಷ್ಟೆ.

ಸಕ್ಕರೆ ಎಂಬ ವಸ್ತುವೇ ಊರೂರು ಅಲೆದು ಹೆಸರು ಹೊತ್ತು ಬಂದದ್ದು. ಸಂಸ್ಕೃತದ ಶರ್ಕರ ನಮ್ಮಲ್ಲಿ ಸಕ್ಕರೆ, ಫಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್. ಖಂಡ ಎಂಬುದು ಕಂದ್ ಆಗಿ ಪಶ್ಚಿಮಕ್ಕೆ ಹೋಗಿ ಕ್ಯಾಂಡಿಯಾಗಿ ಮರಳಿತು. ಉರ್ದುವಿನಲ್ಲಿ ಬಿಳಿ ಸಕ್ಕರೆ ‘ಚೀನಿ’, ಅಂದರೆ ಚೀನಾದ್ದು. ಕಲ್ಲುಸಕ್ಕರೆ ‘ಮಿಸ್ರಿ’, ಅಂದರೆ ಈಜಿಪ್ಟಿನದು. ಕಬ್ಬಿನ ತವರಾದ ಈ ದೇಶ ತನ್ನ ಸಕ್ಕರೆಯನ್ನು ಪರದೇಶದ ಹೆಸರಿನಿಂದ ಕರೆಯುವುದು ವಿಚಿತ್ರವೇ. ಹೆಸರುಗಳನ್ನು ನೋಡಿ ಯಾವುದು ದೇಶಿ ಯಾವುದು ವಿದೇಶಿ ಎಂದು ತೀರ್ಪು ಕೊಡಲು ಹೊರಟವರು ಸಕ್ಕರೆ ಡಬ್ಬಿಯ ಮುಂದೆ ತಬ್ಬಿಬ್ಬಾಗುತ್ತಾರೆ. ಟಿಪ್ಪು ಮಡಿದ ಮರುವರ್ಷ ಈ ಸೀಮೆಯಲ್ಲೆಲ್ಲ ಓಡಾಡಲು ಹೊರಟ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ, ಚನ್ನಪಟ್ಟಣದ ಒಂದು ಕುಟುಂಬ ಶ್ರೀರಂಗಪಟ್ಟಣದ ಅರಮನೆಗಾಗಿ ಬಲು ಬಿಳಿಯಾದ ಸಕ್ಕರೆ ಮಾಡುತ್ತಿದ್ದುದನ್ನು ಬರೆದಿದ್ದಾನೆ. ಬಿಳಿ ಸಕ್ಕರೆ ಆಗ ದರ್ಬಾರಿನ ವಸ್ತು. ಊರಿನವರಿಗೆ ಬೆಲ್ಲ.

ದರ್ಬಾರಿನ ವಸ್ತು ಓಣಿಗೆ ಇಳಿಯಲು ರೈಲು, ಕಾಲುವೆ, ಕಾರ್ಖಾನೆ ಮೂರೂ ಬೇಕಾದವು. ದಾವಣಗೆರೆ ಊರಾಗಿ ಬೆಳೆದದ್ದೇ ವ್ಯಾಪಾರಿಗಳಿಂದ. ಹೈದರಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಆತ ವರ್ತಕರನ್ನು ಕರೆದು ನೆಲೆಗೊಳಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಹತ್ತಿ ಮಿಲ್ಲುಗಳು ಬಂದದ್ದು ಆಮೇಲೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 1960ರ ದಶಕದಲ್ಲಿ ಮುಗಿದು ನಾಲೆಯ ನೀರು ದಾವಣಗೆರೆ, ಹರಿಹರದ ಹೊಲಗಳಿಗೆ ಹರಿದ ಮೇಲೆ ಜೋಳದ ಸೀಮೆ ಭತ್ತ ಕಬ್ಬಿನ ಸೀಮೆಯಾಯಿತು. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆಯೇ ಎದ್ದಿತು. ಭತ್ತ ಹೆಚ್ಚಿದ ಊರಿನಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಏರಿತು. ಆ ಭಟ್ಟಿಗಳಲ್ಲಿ ಬೆಂದವರಲ್ಲಿ ನಮ್ಮ ಮೊಹಲ್ಲಾಗಳ ಹೆಂಗಸರು ಮಕ್ಕಳು ಬಹಳ. ಮಂಡಕ್ಕಿ ಉಂಡೆಯ ಸಿಹಿ ಬಲ್ಲವರೆಲ್ಲ ಆ ಭಟ್ಟಿಯ ಕಾವು ಬಲ್ಲವರಲ್ಲ. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು.

ಇನ್ನು ಕೇಕು. ಭಾರತದಲ್ಲಿ ಕೇಕಿನ ಕಥೆ ಹೇಳುವವರು ತಲಶ್ಶೇರಿಯಿಂದ ಶುರು ಮಾಡುತ್ತಾರೆ. ಅಲ್ಲಿ ಮಾಂಬಳ್ಳಿ ಬಾಪು 1883ರಲ್ಲಿ ಮರ್ಡೋಕ್ ಬ್ರೌನ್ ಎಂಬ ತೋಟದ ದೊರೆ ತಂದು ತೋರಿಸಿದ ಕ್ರಿಸ್‌ಮಸ್ ಕೇಕನ್ನು ಸ್ಥಳೀಯ ಸಾಮಗ್ರಿಯಲ್ಲಿ ಮಾಡಿಕೊಟ್ಟನೆಂಬುದು ಪ್ರಸಿದ್ಧ. ಕನ್ನಡ ನಾಡಿಗೆ ಕೇಕು ಬಂದದ್ದು ಹೆಚ್ಚಾಗಿ ಅಯ್ಯಂಗಾರ್ ಬೇಕರಿಗಳ ಮೂಲಕ. ಹಾಸನ ಕಡೆಯ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಚ್ಚಿದ ಒಲೆಯ ಮಕ್ಕಳು ಮೊಮ್ಮಕ್ಕಳು ರಾಜ್ಯದ ತಾಲ್ಲೂಕು ಕೇಂದ್ರಗಳಿಗೆಲ್ಲ ಹರಡಿದರು. ಅವರು ಮಾಡಿದ ದೊಡ್ಡ ಕೆಲಸ ಮೊಟ್ಟೆಯನ್ನು ಕೈಬಿಟ್ಟದ್ದು. ಕೇಕು ಬ್ರಾಹ್ಮಣ ಲಿಂಗಾಯತ ಮನೆಗಳ ಹೊಸ್ತಿಲು ದಾಟಿದ್ದು ಹಾಗೆ. ಹರಿಹರಕ್ಕೆ ಇನ್ನೊಂದು ದಾರಿಯೂ ಇತ್ತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ನಾನಾ ಊರಿನ ಕೆಲಸಗಾರರು ಬಂದರು. ಆರೋಗ್ಯಮಾತೆಯ ಚರ್ಚ್ ಇರುವ ಊರು ಅದು. 2019ರಲ್ಲಿ ಆ ಚರ್ಚ್ ಬಸಿಲಿಕಾ ಆಯಿತು. ಡಿಸೆಂಬರಿನಲ್ಲಿ ಕ್ರೈಸ್ತ ಮನೆಗಳಿಂದ ಪಕ್ಕದ ಮನೆಗೆ ಬರುವ ತಟ್ಟೆಯಲ್ಲಿ ಕೇಕಿನ ತುಂಡು ಇರುತ್ತಿತ್ತು. ಆ ತಟ್ಟೆಯನ್ನು ಖಾಲಿ ಮರಳಿಸಬಾರದು ಎಂಬ ಮರ್ಯಾದೆಯಿಂದ ಈದ್‌ಗೆ ಶೀರ್‌ಕುರ್ಮಾ, ದೀಪಾವಳಿಗೆ ಕರ್ಜಿಕಾಯಿ ಹೋಗುತ್ತಿದ್ದವು.

ಮನೆಯಲ್ಲಿ ಕೇಕು ಮಾಡಲು ಒಲೆಯದೇ ತೊಡಕು. ಕೇಕಿಗೆ ಸುತ್ತಲಿನಿಂದ ಕಾವು ಬೇಕು, ನಮ್ಮ ಒಲೆಯ ಕಾವು ಕೆಳಗಿನಿಂದ ಮಾತ್ರ. ಈ ತೊಡಕನ್ನು ಕನ್ನಡದ ಅಡುಗೆಮನೆ ಬಿಡಿಸಿದ್ದು ಬಹು ಹಿಂದೆ. 16ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಎರಡು ಕಾವಲಿಗಳ ನಡುವೆ ಇಟ್ಟು, ಮೇಲೂ ಕೆಳಗೂ ಕೆಂಡ ಹಾಕಿ ಬೇಯಿಸುವ ಮುಚ್ಚಳ ರೊಟ್ಟಿಯ ವಿವರವಿದೆ. ನಮ್ಮ ಬಾಲ್ಯದಲ್ಲಿ ಅಮ್ಮಿ ನಾನ್‌ಖತಾಯಿ ಮಾಡುತ್ತಿದ್ದುದೂ ಅದೇ ಬಗೆಯಲ್ಲಿ, ಹಿತ್ತಾಳೆ ಪಾತ್ರೆಯ ಮೇಲೆ ತಗಡಿನ ತಟ್ಟೆ, ಅದರ ಮೇಲೆ ಕೆಂಡ. ರಮ್‌ಜಾನಿನ ಕೊನೆಯ ದಿನಗಳಲ್ಲಿ ಜಾಸ್ತಿ ಮಾಡಬೇಕಾದಾಗ ಹಿಟ್ಟು ಕಲಸಿ, ಟ್ರೇಗಳಲ್ಲಿ ಜೋಡಿಸಿ, ಹುಡುಗರ ತಲೆಯ ಮೇಲೆ ಬೇಕರಿಗೆ ಕಳಿಸುತ್ತಿದ್ದರು. ಟ್ರೇ ಅದಲುಬದಲಾಗದಿರಲಿ ಎಂದು ಪ್ರತಿ ಮನೆಯವರೂ ಬಿಲ್ಲೆಯ ಮೇಲೆ ತಮ್ಮದೇ ಗುರುತು ಒತ್ತುತ್ತಿದ್ದರು: ಬೆರಳು, ಗುಂಡಿ, ಬೀಗದ ಕೈ. ಆಮೇಲೆ ಕುಕ್ಕರ್ ಬಂತು. ಗ್ಯಾಸ್ಕೆಟ್ ತೆಗೆದು, ವಿಷಲ್ ಇಡದೆ, ತಳದಲ್ಲಿ ಮರಳೋ ಉಪ್ಪೋ ಹರಡಿ ಅದರ ಮೇಲೆ ಡಬ್ಬಿ. 1980ರ ದಶಕದಲ್ಲಿ ನಡುಮಧ್ಯದಲ್ಲಿ ಗಾಜಿನ ಕಣ್ಣಿದ್ದ ಅಲ್ಯೂಮಿನಿಯಂ ಗುಂಡು ಓವನ್ ಬಂತು. ಓಣಿಗೊಂದು ಇದ್ದರೆ ಹೆಚ್ಚು. ಕೇಕು ಏಳುವುದನ್ನು ಆ ಕಣ್ಣಿನಲ್ಲಿ ನೋಡಲು ಮಕ್ಕಳು ತಲೆಗೆ ತಲೆ ಕೊಟ್ಟು ನಿಲ್ಲುತ್ತಿದ್ದೆವು.

ಕಡ್ಡಿಯ ಮೇಲಿನ ಸಿಹಿ ಮಾತ್ರ ಬೀದಿಯದು. ಬೊಂಬೆಯೊಂದು ಚಪ್ಪಾಳೆ ತಟ್ಟುತ್ತ ಬರುತ್ತಿದ್ದ ಉದ್ದನೆಯ ಕೋಲು, ಆ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಬಾಂಬೆ ಮಿಠಾಯಿ. ಮಾರುವವನು ಅದನ್ನು ಎಳೆದು, ಕೈಗಡಿಯಾರ ಮಾಡಿ ಮಣಿಕಟ್ಟಿಗೆ ಅಂಟಿಸುತ್ತಿದ್ದ, ಹಕ್ಕಿ ಮಾಡಿ ಕಡ್ಡಿಗೆ ಕೂರಿಸುತ್ತಿದ್ದ. ಜಗತ್ತಿನ ಯಾವ ಕೇಕ್ ಕಲಾವಿದನಿಗೂ ಆತ ಕಡಿಮೆಯವನಲ್ಲ. ಅವನ ಹೆಸರು ಮಾತ್ರ ಯಾರೂ ಕೇಳಿಟ್ಟುಕೊಳ್ಳಲಿಲ್ಲ.

ಹೆಸರು ಉಳಿದದ್ದು ಅಮೆರಿಕದ ಏಂಜಿ ಡಡ್ಲಿಯದು. ‘ಬೇಕರೆಲ್ಲಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಕೆ 2008ರಲ್ಲಿ ಕೇಕ್ ಉಂಡೆಯನ್ನು ಕಡ್ಡಿಗೇರಿಸಿ ತೋರಿಸಿದಳು. ಟಿ.ವಿ.ಯಲ್ಲಿ ಬಂತು, 2010ರಲ್ಲಿ ಪುಸ್ತಕ ಬಂತು, 2011ರಲ್ಲಿ ಸ್ಟಾರ್‌ಬಕ್ಸ್ ಅಂಗಡಿಗಳು ಅದನ್ನು ಮಾರತೊಡಗಿದವು. ಯುರೋಪಿನ ಬೇಕರಿಗಳು ಉಳಿದ ಕೇಕು ಚೂರುಗಳನ್ನು ಉಂಡೆ ಕಟ್ಟಿ ರಮ್ ಸೇರಿಸಿ ಮಾರುತ್ತಿದ್ದುದು ಅದಕ್ಕಿಂತ ಹಳೆಯದು. ಉಳಿದದ್ದನ್ನು ಎಸೆಯಬಾರದು ಎಂಬ ಬುದ್ಧಿ ಬಡತನದ್ದು, ಅದಕ್ಕೆ ದೇಶವಿಲ್ಲ.

ದಾವಣಗೆರೆಯ ಅಡುಗೆಮನೆಗೆ ಕೇಕ್ ಪಾಪ್ ಬಂದದ್ದು ಮೊಬೈಲಿನ ಪರದೆಯಿಂದ. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಬೇಕರಿಗಳ ಶಟರ್ ಬಿದ್ದಾಗ, ಮನೆಯಲ್ಲೇ ಕೇಕು ಮಾಡಿ ಓಣಿಗೆ ಒದಗಿಸಿದ ಹೆಂಗಸರು ಬಹಳ. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲೇ ಮುಚ್ಚಿತ್ತು. ಅಂಥ ಊರುಗಳಲ್ಲಿ ಮನೆಯ ಹೆಂಗಸಿನ ಹೊಲಿಗೆ ಯಂತ್ರ, ಹಪ್ಪಳ, ಉಪ್ಪಿನಕಾಯಿ ಬರೀ ಕಾಲಕ್ಷೇಪವಲ್ಲ. ಕೇಕೂ ಆ ಸಾಲಿಗೆ ಸೇರಿತು. ದೊಡ್ಡ ಕೇಕಿಗೆ ಒಂದೇ ಗಿರಾಕಿ, ಕೆಟ್ಟರೆ ಪೂರ್ತಿ ನಷ್ಟ. ಪಾಪ್ ಹಾಗಲ್ಲ. ಒಡೆದ ಕೇಕು, ಉಬ್ಬದ ಕೇಕು, ಸಮ ಮಾಡಲು ಕತ್ತರಿಸಿದ ಮೇಲ್ಭಾಗ ಎಲ್ಲವೂ ಉಂಡೆಗೆ ಸಲ್ಲುತ್ತದೆ. ಕೆಲವರು ಪುಡಿ ಮಾಡುವ ಗೋಜಿಗೇ ಹೋಗದೆ ಪಡ್ಡಿನ ಹಂಚಿಗೆ ಹಿಟ್ಟು ಹುಯ್ದು ಗುಂಡಗಿನ ಕೇಕು ತೆಗೆಯುತ್ತಾರೆ. ಪರದೇಶದಲ್ಲಿ ಕೇಕ್ ಪಾಪ್ ಯಂತ್ರವೆಂದು ಮಾರುವುದು ಕರೆಂಟಿನ ಪಡ್ಡಿನ ಹಂಚೇ.

ಕಲಿಯಬೇಕಾದದ್ದು ಅದ್ದುವ ಹದ. ಉಂಡೆ ತೀರಾ ತಣ್ಣಗಿದ್ದು ಚಾಕಲೇಟು ತೀರಾ ಬಿಸಿಯಿದ್ದರೆ ಹೊರಗಿನ ಪದರ ಬಿರಿಯುತ್ತದೆ. ಕಡ್ಡಿಯ ತುದಿಯನ್ನು ಮೊದಲು ಚಾಕಲೇಟಿಗೆ ಅದ್ದಿ ಆಮೇಲೆ ಚುಚ್ಚಿದರೆ ಅದೇ ಗಾರೆಯಾಗಿ ಹಿಡಿಯುತ್ತದೆ, ಇಲ್ಲವಾದರೆ ಉಂಡೆ ಕಡ್ಡಿಯಿಂದ ಜಾರಿ ಪಾತ್ರೆಗೆ ಬೀಳುತ್ತದೆ. ಕರಗುವ ಚಾಕಲೇಟಿಗೆ ಒಂದು ಹನಿ ನೀರು ಬಿದ್ದರೂ ಅದು ಮುದ್ದೆಗಟ್ಟುತ್ತದೆ. ಒಣಗಲು ನಿಲ್ಲಿಸುವುದಕ್ಕೆ ಥರ್ಮೋಕೋಲು, ಅದಿಲ್ಲದ ಮನೆಯಲ್ಲಿ ಅಕ್ಕಿ ತುಂಬಿದ ಲೋಟ. ನಮ್ಮ ಬೇಸಿಗೆಗೆ ಅಸಲಿ ಕೋಕೋ ಬೆಣ್ಣೆಯ ಚಾಕಲೇಟು ತಾಳದು. ವನಸ್ಪತಿ ಕೊಬ್ಬಿನ ಕಾಂಪೌಂಡ್ ಚಾಕಲೇಟೇ ಗತಿ. ಕೋಕೋ ಬೆಳೆದು 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆ ನಡೆಸಿದ ರಾಜ್ಯದಲ್ಲೂ ಹೀಗೆ.

ಮೇಲಿನ ಅಲಂಕಾರದ ಪೊಟ್ಟಣಗಳನ್ನು ಓದುವುದು ಈಗ ಒಂದು ವಿದ್ಯೆ. ಮಾರ್ಷ್‌ಮ್ಯಾಲೊದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ ಮೂಳೆಯಿಂದ ಬಂದದ್ದು. ಕೆಲವು ಕೆಂಪು ಕಾಳುಗಳ ಬಣ್ಣ ಕಾರ್ಮೈನ್, ಒಂದು ಹುಳುವಿನದು. ಹೊಳಪಿಗೆ ಹಚ್ಚುವ ಷೆಲ್ಯಾಕ್ ಅರಗಿನ ಹುಳುವಿನ ಕೊಡುಗೆ. ಮುಸ್ಲಿಂ ಹೆಂಗಸು ಹಲಾಲೋ ಹರಾಮೋ ಎಂದು ಪೊಟ್ಟಣ ತಿರುಗಿಸಿ ನೋಡುತ್ತಾಳೆ, ಪಕ್ಕದ ಮನೆಯ ಲಿಂಗಾಯತ ಅಕ್ಕ ಹಸಿರು ಚುಕ್ಕಿ ಹುಡುಕುತ್ತಾಳೆ. ಬೇರೆ ಬೇರೆ ಕಾರಣಕ್ಕೆ ಇಬ್ಬರೂ ಒಂದೇ ಪೊಟ್ಟಣವನ್ನು ಕೆಳಗಿಡುತ್ತಾರೆ. “ಆಪಾ, ಮೊಟ್ಟೆ ಹಾಕಬ್ಯಾಡ್ರಿ ಮತ್ತ, ನಮ್ಮತ್ತಿ ತಿನ್ನಂಗಿಲ್ಲ” ಎಂದು ಹೇಳಿ ಆರ್ಡರ್ ಕೊಡುವ ಅಕ್ಕನಿಗೆ, “ಇಲ್ಲಕ್ಕಾ, ನಿಮ್ಮ ಪಾತ್ರೀನ ಬ್ಯಾರೆ ಇಟ್ಟೀನಿ” ಎನ್ನುವ ಆಪಾ ಇನ್ನೂ ಇದ್ದಾಳೆ. 2022ರ ಫೆಬ್ರವರಿಯಲ್ಲಿ ಹಿಜಾಬಿನ ಗಲಾಟೆ ಹರಿಹರದ ಕಾಲೇಜಿನಲ್ಲಿ ಕಲ್ಲು ತೂರಾಟಕ್ಕೆ ಹೋಗಿ, ಹರಿಹರ ದಾವಣಗೆರೆಗಳಲ್ಲಿ ನಿಷೇಧಾಜ್ಞೆ ಬಂತು. ಮಾರ್ಚಿನಲ್ಲಿ ಶಿವಮೊಗ್ಗದ ಮಾರಿಕಾಂಬೆ ಜಾತ್ರೆ ಸೇರಿ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಲಿಲ್ಲ, ಯುಗಾದಿಯ ಹೊತ್ತಿಗೆ ಹಲಾಲ್ ಬಹಿಷ್ಕಾರದ ಕೂಗು ಎದ್ದಿತು. ಆ ತಿಂಗಳುಗಳಲ್ಲಿ ಆರ್ಡರ್ ನಿಂತ ಮನೆಗಳೂ ಇದ್ದವು, ಹಿತ್ತಲ ಬಾಗಿಲಿನಿಂದ ಬಂದು ಡಬ್ಬಿ ಒಯ್ದ ಮನೆಗಳೂ ಇದ್ದವು. ಹಿತ್ತಲ ಬಾಗಿಲು ಎಂಬುದು ಸ್ನೇಹವೋ ಅವಮಾನವೋ ನನಗೆ ಇಂದಿಗೂ ಬಗೆಹರಿದಿಲ್ಲ.

ಬಣ್ಣದ ವಿಷಯ ಇನ್ನೂ ಗಂಭೀರ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ನಿಷೇಧಿಸಿತು. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ್ದು ರೋಡಮಿನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಬೆಂಗಳೂರಿನಲ್ಲಿ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಬಣ್ಣ ಮಿತಿ ಮೀರಿತ್ತು, ರೆಡ್ ವೆಲ್ವೆಟ್, ಬ್ಲಾಕ್ ಫಾರೆಸ್ಟ್ ಹೆಸರು ಮುಂದಿದ್ದವು. ಕಾಯಿದೆ ಒಪ್ಪಿದ ಬಣ್ಣವಾದರೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ದಾಟುವಂತಿಲ್ಲ. ಅಷ್ಟು ಸಣ್ಣ ತೂಕ ತೂಗುವ ತಕ್ಕಡಿ ಯಾವ ಅಡುಗೆಮನೆಯಲ್ಲಿದೆ? ಬೀಟ್‌ರೂಟ್, ಅರಿಶಿನ, ಪಾಲಕ್ ಸೊಪ್ಪಿನ ರಸ ಬಳಸುವವರು ಇದ್ದಾರೆ, ಆದರೆ ನೀರಿನ ರಸ ಚಾಕಲೇಟನ್ನು ಕೆಡಿಸುತ್ತದೆ. ಒಣಗಿಸಿ ಪುಡಿ ಮಾಡಿ ಜರಡಿ ಹಿಡಿಯಬೇಕು. ಅದಕ್ಕೆ ಹಿಡಿಯುವ ಹೊತ್ತಿಗೆ ಗಿರಾಕಿ ಕಾಸು ಕೊಡುವುದಿಲ್ಲ. “ಮೊಬೈಲಿನ ಫೋಟೋದಾಗ ಹಿಂಗಿಲ್ಲಲ್ಲ, ಇದು ಮಬ್ಬೈತಿ” ಎನ್ನುತ್ತಾರೆ. ಆಹಾರ ಸುರಕ್ಷತೆಯ 2006ರ ಕಾಯಿದೆ 2011ರಲ್ಲಿ ಜಾರಿಗೆ ಬಂದಾಗ, ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರಿಗೆ 100 ರೂಪಾಯಿಯ ನೋಂದಣಿ ಸಾಕು ಎಂದಿತು. ಮನೆಯಲ್ಲಿ ಮಾಡಿ ಮಾರುವವರೂ ಅದರೊಳಗೆ ಬರುತ್ತಾರೆಂಬುದು ಓಣಿಯಲ್ಲಿ ಎಷ್ಟು ಜನಕ್ಕೆ ತಿಳಿಯಿತು? ಹಲಗೆ ಹಚ್ಚದ, ಬಿಲ್ಲು ಬರೆಯದ ಈ ಕೆಲಸವನ್ನು ಮನೆಯ ಗಂಡಸರೇ ಕೆಲಸವೆಂದು ಎಣಿಸುವುದಿಲ್ಲ. ಜನಗಣತಿಯವರು ಬಂದರೆ ‘ಮನೆಗೆಲಸ’ ಎಂದು ಬರೆಸಿ ಕಳಿಸುತ್ತಾರೆ.

ಕಳೆದ ಗೌರಿ ಹುಣ್ಣಿಮೆಗೆ ಮುಂಚೆ ಹರಿಹರದ ಪೇಟೆಯಲ್ಲಿ ಸಕ್ಕರೆ ಗೊಂಬೆ ಮಾಡುವವರೊಬ್ಬರ ಮನೆಗೆ ಹೋಗಿದ್ದೆ. ಅಜ್ಜನ ಕಾಲದ ಮರದ ಅಚ್ಚುಗಳು ಗೋಣಿಚೀಲದಲ್ಲಿದ್ದವು. ಗಿಳಿಯ ಕೊಕ್ಕು ಸವೆದು ಗುಬ್ಬಿಯಂತಾಗಿತ್ತು. ಹೊಸದಾಗಿ ಕೆತ್ತಿಕೊಡುವವರು ಸಿಗುವುದಿಲ್ಲವೆಂದು ಹೇಳಿದರು. ಅವರ ಸೊಸೆ ಒಳಗಿನಿಂದ ಸಿಲಿಕಾನಿನ ಅಚ್ಚೊಂದನ್ನು ತಂದು ತೋರಿಸಿದಳು, ಕೇಕ್ ಪಾಪಿನದು, ಕೊರಿಯರ್‌ನಲ್ಲಿ ತರಿಸಿದ್ದು. ಎರಡು ಹೋಳು, ನಡುವೆ ಕಡ್ಡಿಗೊಂದು ತೂತು. ಮಾವ ಅದನ್ನು ಒತ್ತಿ, ಬಗ್ಗಿಸಿ, ಮೂಸಿ ನೋಡಿ, “ನೀರಾಗ ನೆನೆಸಬೇಕೇನವ್ವಾ ಇದನ್ನ?” ಎಂದು ಕೇಳಿದರು. ಬೇಡವೆಂದಳು. ಆ ವರ್ಷದ ಮೊದಲ ಪಾಕ ಒಲೆಯ ಮೇಲಿತ್ತು. ಅವರು ಆ ಅಚ್ಚನ್ನೇ ಮುಚ್ಚಿ, ಕಡ್ಡಿಯ ತೂತಿನಿಂದ ಸಕ್ಕರೆ ಹುಯ್ದರು.